ಎಲೆಕ್ಷನ್ ಪೋಸ್ಟರ್ ಬರೆಸೋಕೆ ಹೈದರಾಬಾದಿನಿಂದ ರಾಯಚೂರಿಗೆ: ಅಂಗಡಿಗೆ 5ಕ್ಕೆ 4

ಮೊದಲೇ ಹೇಳಿಬಿಡುತ್ತೇನೆ. ಅಕ್ಷರಕ್ಕೆ 5ಕ್ಕೆ 5. ಟೈಮಿಗೆ 2. ಬಿಲ್ಲಿಗೆ ಸೊನ್ನೆ. ಕೂಡಿಸಿ ಭಾಗಿಸಿದರೆ 4 ಬರಲ್ಲ ಅಂತ ನನಗೂ ಗೊತ್ತು, ಆದರೂ 4 ಕೊಡುತ್ತಿದ್ದೇನೆ.

ಅಂಗಡಿ ಇರೋದು ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಓಣಿಯಲ್ಲಿ. ಹೆಸರು ಹಾಕಬೇಡ ಅಂತ ಅವರೇ ಹೇಳಿದ್ದಾರೆ. ಇರೋ ಕೆಲಸವೇ ಮುಗಿಯಲ್ಲ, ಇನ್ನು ಫೋನಿನಲ್ಲಿ ನೋಡಿಕೊಂಡು ಬರೋರು ಬೇರೆ ಯಾಕೆ ಅಂತ. ಆ ಕಡೆ ಹೋಗಿ ಯಾವುದಾದರೂ ಚಹಾದಂಗಡಿಯಲ್ಲಿ "ಬ್ರಷ್‌ನಲ್ಲಿ ಬೋರ್ಡ್ ಬರೆಯೋ ಚಾಚಾ ಎಲ್ಲಿ" ಅಂತ ಕೇಳಿ, ಕೈ ಮಾಡಿ ತೋರಿಸುತ್ತಾರೆ.

ನಾನು ಹೋಗಿದ್ದು ಪೋಸ್ಟರ್ ಬರೆಸೋಕೆ. ಹೈದರಾಬಾದಿನ ಒಂದು ಯೂನಿವರ್ಸಿಟಿಯಲ್ಲಿ ಎಂಎ ಓದುತ್ತಿದ್ದೆ, ಅಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದೆ. ಅಷ್ಟು ದೊಡ್ಡ ಊರಲ್ಲಿ ಸಿಗದ ಪೋಸ್ಟರ್ ರಾಯಚೂರಲ್ಲಿ ಸಿಗುತ್ತಾ ಅಂತ ರೂಮ್‌ಮೇಟ್ ಕೂಡ ನಕ್ಕ. ಸಿಗುತ್ತೆ. ಆದರೆ ಅದಕ್ಕೂ ಮುಂಚೆ ಪ್ರಿಂಟ್ ಹಾಕಿಸೋದು ಬಿಟ್ಟು ಕೈಯಲ್ಲಿ ಬರೆಸೋ ಹುಚ್ಚು ಯಾಕೆ ಅನ್ನೋದು ಹೇಳಬೇಕು, ಯಾಕೆಂದರೆ ನಮ್ಮ ಕಡೆ ಓದಿದವರಿಗೆ ಈ ಎಲೆಕ್ಷನ್ ಅನ್ನೋದೇ ಹೊಸದು. ಕರ್ನಾಟಕದ ಕಾಲೇಜುಗಳಲ್ಲಿ ನೇರ ಚುನಾವಣೆ ನಿಂತು ಹೋಗಿದ್ದು 1989ರ ಸುಮಾರಿಗೆ. ನಾನು ರಾಯಚೂರಿನಲ್ಲೇ ಡಿಗ್ರಿ ಮಾಡಿದವನು. ಅಲ್ಲಿ ನನಗೆ ಗೊತ್ತಿದ್ದ ಎಲೆಕ್ಷನ್ ಅಂದರೆ ಕ್ಲಾಸ್ ಟೀಚರ್ ಬಂದು "ನೀನು ಸಿಆರ್", ಅಂದರೆ ಕ್ಲಾಸಿನ ಪ್ರತಿನಿಧಿ, ಅಂತ ಬೆರಳು ತೋರಿಸೋದು, ಅಷ್ಟೇ.

ಹೊರಗಿನ ಕಥೆ ಬೇರೆ. ಅಲ್ಲಿ ಎಲೆಕ್ಷನ್ ಇದೆ, ಅದಕ್ಕೆ ಲಿಂಗ್ಡೋ ಸಮಿತಿಯ ನಿಯಮಗಳು ಇವೆ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರ ಸಮಿತಿ ಕೊಟ್ಟ ವರದಿಯನ್ನು ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಜಾರಿಗೆ ತಂದಿತು. ಅದರಲ್ಲಿ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದದ್ದು 5,000 ರೂಪಾಯಿ. ಹೌದು, ಇವತ್ತಿಗೂ ಲೆಕ್ಕ ಅದೇ. ಪ್ರಿಂಟ್ ಮಾಡಿದ ಪೋಸ್ಟರ್, ಪ್ರಿಂಟ್ ಮಾಡಿದ ಕರಪತ್ರ, ಪ್ರಿಂಟ್ ಮಾಡಿದ ಯಾವುದೂ ನಡೆಯಲ್ಲ. ಕೈಯಲ್ಲಿ ಮಾಡಿದ್ದು ಮಾತ್ರ. ಅದನ್ನೂ ಕ್ಯಾಂಪಸ್‌ನಲ್ಲಿ ಮೊದಲೇ ಗುರುತು ಮಾಡಿದ ಜಾಗದಲ್ಲಿ ಮಾತ್ರ ಅಂಟಿಸಬೇಕು. ಮೈಕ್ ಇಲ್ಲ, ಗಾಡಿ ಇಲ್ಲ. ನಾಮಿನೇಷನ್ ಹಾಕಿದ ದಿನದಿಂದ ರಿಸಲ್ಟ್ ತನಕ ಎಲ್ಲ ಸೇರಿ 10 ದಿನದಲ್ಲಿ ಮುಗೀಬೇಕು. ಹಾಜರಿ 75 ಪರ್ಸೆಂಟ್ ಇರಬೇಕು, ಆ ವರ್ಷ ಯಾವ ಪೇಪರೂ ಬಾಕಿ ಇರಬಾರದು.

ಸುಮ್ನೆ ಬರೆದಿಟ್ಟ ನಿಯಮ, ಯಾರು ನೋಡುತ್ತಾರೆ ಅಂದುಕೊಂಡರೆ ಕೆಟ್ಟಿರಿ. ದೆಹಲಿಯ ಜೆಎನ್‌ಯುನಲ್ಲಿ ಈ ನಿಯಮ ಪಾಲಿಸಲಿಲ್ಲ ಅಂತ 2008ರಲ್ಲಿ ಕೋರ್ಟ್ ಎಲೆಕ್ಷನ್ನನ್ನೇ ತಡೆದಿತ್ತು, ಮತ್ತೆ ನಡೆದಿದ್ದು 2012ಕ್ಕೆ. ನಮ್ಮ ಕ್ಯಾಂಪಸ್‌ನಲ್ಲೂ ಒಂದು ಕಮಿಟಿ ಇತ್ತು, ಕೈಯಲ್ಲಿ ಸ್ಕೇಲ್ ಹಿಡಿದುಕೊಂಡು ಓಡಾಡುತ್ತಿತ್ತು.

ಸರಿ, ಎಲ್ಲರೂ ಏನು ಮಾಡುತ್ತಾರೆ? ಡ್ರಾಯಿಂಗ್ ಶೀಟ್ ತಂದು, ಸ್ಕೆಚ್ ಪೆನ್ ತಂದು, ರಾತ್ರಿಯೆಲ್ಲ ಹಾಸ್ಟೆಲ್ ಕಾರಿಡಾರಿನಲ್ಲಿ ಕೂತು ಬರೆಯುತ್ತಾರೆ. ನಾವೂ ಬರೆದೆವು. ನನ್ನ ಅಕ್ಷರ ನೋಡಿ ನನಗೇ ಓಟು ಹಾಕೋ ಮನಸ್ಸಾಗಲಿಲ್ಲ. ಶುರುವಿನಲ್ಲಿ ದಪ್ಪ, ಕೊನೆಗೆ ಜಾಗ ಸಾಲದೆ ಇಕ್ಕಟ್ಟು. ಆಗ ನೆನಪಾದವರು ಈ ಚಾಚಾ. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯ ಕಿರಾಣಿ ಅಂಗಡಿ ಬೋರ್ಡು, ಶಾಲೆ ಗೋಡೆ ಮೇಲಿನ ಪೋಲಿಯೋ ಬರಹ, ಎಲ್ಲ ಅವರದೇ ಕೈ. ನಿಯಮದಲ್ಲಿ ಕೈಬರಹದ ಪೋಸ್ಟರನ್ನು ನೀವೇ ಬರೀಬೇಕು ಅಂತ ಇಲ್ಲ. 5,000ದ ಒಳಗೆ ಬರೆಸಿಕೊಳ್ಳಬಹುದು. ಎರಡು ಸಲ ಓದಿ ಖಾತ್ರಿ ಮಾಡಿಕೊಂಡು ಶುಕ್ರವಾರ ರಾತ್ರಿ ಬಸ್ ಹತ್ತಿದೆ.

ಶನಿವಾರ ಬೆಳಗ್ಗೆ 11ಕ್ಕೆ ಅಂಗಡಿ ಮುಂದೆ ನಿಂತರೆ ನಗು ಬಂತು. ಮುಂದಿನ ಬೋರ್ಡು ಫ್ಲೆಕ್ಸಿನದು! ಚಾಚಾನ ಮಗ ಈಗ ಮುಂದಿನ ಅರ್ಧ ಅಂಗಡಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಫ್ಲೆಕ್ಸ್ ಮಾಡುತ್ತಾರೆ. ಗೋಡೆ ತುಂಬ ಲೀಡರುಗಳ ಹುಟ್ಟುಹಬ್ಬ, ಗೃಹಪ್ರವೇಶ, ಭಾವಪೂರ್ಣ ಶ್ರದ್ಧಾಂಜಲಿ. ಮಗ ತಲೆ ಎತ್ತದೇ "ಸೈಜ್ ಹೇಳ್ರಿ, ಅರ್ಧ ತಾಸಿನ್ಯಾಗ ಕೊಡ್ತೀನಿ" ಅಂದರು. ನನಗೆ ಪ್ರಿಂಟ್ ಬೇಡ, ಕೈಯಲ್ಲಿ ಬರೆದಿದ್ದೇ ಬೇಕು ಅಂದೆ. ಆಗ ತಲೆ ಎತ್ತಿದರು. ಮೇಲಿಂದ ಕೆಳಗೆ ನೋಡಿ ಒಳಗಿದ್ದ ಅಪ್ಪನನ್ನು ಕೂಗಿದರು, "ಅಬ್ಬಾ, ನಿಮ್ಮ ಗಿರಾಕಿ ಬಂದಾನ."

ಹಿಂದೆ ಒಂದು ಸಣ್ಣ ಅಂಗಳ, ತಗಡಿನ ಮಾಡು. ಚಾಚಾ ಗೋಣಿಚೀಲದ ಮೇಲೆ ಕೂತು ಒಂದು ನೀರಿನ ಡ್ರಮ್ಮಿನ ಮೇಲೆ ನಂಬರು ಬರೆಯುತ್ತಿದ್ದರು. ಕನ್ನಡಕದ ಒಂದು ಕಡ್ಡಿ ಹೋಗಿ ದಾರ ಕಟ್ಟಿದ್ದಾರೆ.

"ಯಾವ ಎಲೆಕ್ಷನ್ನು? ಪಂಚಾಯ್ತಿದಾ?"

"ಅಲ್ಲ, ಕಾಲೇಜಿಂದು."

ಬ್ರಷ್ ಕೆಳಗಿಟ್ಟರು. "ಕಾಲೇಜ್ ಎಲೆಕ್ಷನ್ ಬಂದಾಗಿ ಎಷ್ಟು ವರ್ಷ ಆತಲ್ಲೋ!"

ಅಲ್ಲಿಗೆ ನನ್ನ ಒಂದು ತಾಸು ಹೋಯಿತು. ಹೋಗಲಿ ಅನ್ನಿಸುವಂಥ ಒಂದು ತಾಸು. ಅವರು ಕೆಲಸ ಕಲಿಯುತ್ತಿದ್ದ ಕಾಲಕ್ಕೆ ರಾಯಚೂರಿನ ಕಾಲೇಜುಗಳಲ್ಲಿ ಎಲೆಕ್ಷನ್ ಜೋರಾಗಿತ್ತಂತೆ. ಸಂಜೆ ಉಸ್ತಾದರ ಜೊತೆ ಸುಣ್ಣದ ಬಕೆಟ್, ನೀಲಿ, ಕಾವಿ ಹೊತ್ತುಕೊಂಡು ಹೋದರೆ ಬೆಳಗ್ಗೆ ತನಕ ಗೋಡೆ ಬರಹ. ಒಂದೇ ರಾತ್ರಿಯಲ್ಲಿ ಇಬ್ಬರು ಅಭ್ಯರ್ಥಿಗಳ ಹೆಸರನ್ನೂ ಇವರೇ ಬರೆದದ್ದೂ ಉಂಟು, ಎರಡು ಕಡೆ ದುಡ್ಡೂ ತಗೊಂಡದ್ದುಂಟು. ಹಗಲು ಟಾಂಗಾಕ್ಕೆ ಮೈಕ್ ಕಟ್ಟಿಕೊಂಡು ಮೆರವಣಿಗೆ. ನಾನು ಫೋನ್ ತೆಗೆದು ಈಗಿನ ನಿಯಮ ಓದಿ ಹೇಳಿದೆ. ಅದರಲ್ಲಿ ಧ್ವನಿವರ್ಧಕ, ವಾಹನ ಮತ್ತು ಪ್ರಾಣಿಗಳನ್ನು ಪ್ರಚಾರಕ್ಕೆ ಬಳಸಬಾರದು ಅಂತ ನಿಜವಾಗಲೂ ಇದೆ.

"ಪ್ರಾಣಿನೂ ಬ್ಯಾಡಂತ? ಅಂದ್ರ ಟಾಂಗಾ ಅನ್ನೋದು ಗಾಡಿನೂ ಆತು, ಪ್ರಾಣಿನೂ ಆತು, ಮೈಕೂ ಆತು. ಮೂರೂ ಒಂದರಾಗ!" ಅಂತ ಕೆಮ್ಮು ಬರೋ ತನಕ ನಕ್ಕರು.

ಆಮೇಲೆ ಕೆಲಸಕ್ಕೆ ಬಂದರು. ನಾನು ಬರೆಸಬೇಕಾದದ್ದನ್ನು ಒಂದು ಹಾಳೆಯಲ್ಲಿ ತಂದಿದ್ದೆ. ನಮ್ಮ ಪ್ಯಾನೆಲ್‌ನವರೆಲ್ಲ, ಅಂದರೆ ಬೇರೆ ಬೇರೆ ಸ್ಥಾನಕ್ಕೆ ಒಟ್ಟಿಗೆ ನಿಂತವರೆಲ್ಲ, ಕೂತು, ಎರಡು ರಾತ್ರಿ ಜಗಳ ಆಡಿ ಮಾಡಿದ ಒಂಬತ್ತು ಭರವಸೆ. ಒಂದೊಂದೂ ಎರಡು ಸಾಲು. ಚಾಚಾ ಹಾಳೆಯನ್ನು ಕೈಗೆ ತಗೊಳ್ಳಲೇ ಇಲ್ಲ, "ಓದು" ಅಂದರು. ಓದಿದೆ. ನಾಲ್ಕನೆಯದಕ್ಕೆ ಬರೋ ಹೊತ್ತಿಗೆ ಅವರು ಡ್ರಮ್ಮಿನ ಕಡೆ ತಿರುಗಿ ಮತ್ತೆ ನಂಬರು ಬರೆಯತೊಡಗಿದ್ದರು. ನಿಲ್ಲಿಸಿದೆ. "ನೋಡು, ನಾನೇ ಕುಂತು ಕೇಳ್ಲಿಲ್ಲ. ನಡಕೊಂಡು ಹೋಗಾಂವ ನಿಂತು ಓದ್ತಾನೇನು?" ಅಂದರು.

ಅವರ ಲೆಕ್ಕ ಹೀಗೆ: ಮನುಷ್ಯ ನಡೆಯುತ್ತಾ ಒಂದು ಗೋಡೆ ದಾಟೋಕೆ ಎಂಟು ಹೆಜ್ಜೆ. ಅಷ್ಟರಲ್ಲಿ ಓದಿ ಮುಗೀಬೇಕು. ಹೆಸರು, ಸ್ಥಾನ, ಒಂದು ಮಾತು. ಅಷ್ಟೇ. ಮತ್ತೆ ಒಂದೊಂದು ಭರವಸೆಗೂ ಒಂದೇ ಪ್ರಶ್ನೆ, "ಇದು ನಿನ್ನ ಕೈಯಾಗ ಐತೇನು?" ಸ್ಕಾಲರ್‌ಶಿಪ್ ಜಾಸ್ತಿ ಮಾಡಿಸುತ್ತೇವೆ. ಕೈಯಲ್ಲಿ ಇಲ್ಲ. ಹೊಸ ಹಾಸ್ಟೆಲ್. ಕೈಯಲ್ಲಿ ಇಲ್ಲ. ಮೆಸ್ಸಿನ ಗುಣಮಟ್ಟ. ಇಲ್ಲಿ ಸ್ವಲ್ಪ ಹೊತ್ತು ಚರ್ಚೆ ಆಯಿತು, ಚಾಚಾ ಮೆಸ್ ಕಮಿಟಿ ಅಂದರೆ ಏನು ಅಂತ ಕೇಳಿ ತಿಳಕೊಂಡು "ಅನ್ನ ಯಾರಿಗೂ ಹಿಡಿಸಲ್ಲ, ಬಿಡು" ಅಂದರು. ಕೊನೆಗೆ ಉಳಿದಿದ್ದು ಎರಡು. ಲೈಬ್ರರಿ ರಾತ್ರಿ 12ರ ತನಕ ತೆಗೆದಿರಬೇಕು. ಗೇಟಿನಿಂದ ಹಾಸ್ಟೆಲ್‌ಗೆ ಕೊನೇ ಬಸ್ 11ಕ್ಕೆ ಇರಬೇಕು. ಈ ಎರಡನ್ನೂ ಅವರು ಇನ್ನೂ ಕತ್ತರಿಸಿದರು. "ಲೈಬ್ರರಿ 12ಕ್ಕೆ. ಬಸ್ 11ಕ್ಕೆ." ಮುಗೀತು. ಎರಡು ರಾತ್ರಿ ಜಗಳ ಆಡಿದ ನಮ್ಮ ಪ್ರಣಾಳಿಕೆ ನಾಲ್ಕು ಪದ ಆಯಿತು. ಫೋನಿನಲ್ಲಿ ಹೇಳಿದಾಗ ನಮ್ಮ ಪ್ಯಾನೆಲ್‌ನ ಕಾರ್ಯದರ್ಶಿ ಅಭ್ಯರ್ಥಿ ಹದಿನೈದು ನಿಮಿಷ ನನ್ನ ಜೊತೆ ಮಾತಾಡಲಿಲ್ಲ. ಆದರೆ ಮುಂದೆ ಇಡೀ ಕ್ಯಾಂಪಸ್‌ನಲ್ಲಿ ಜನಕ್ಕೆ ನೆನಪಿದ್ದದ್ದು ಅದೊಂದೇ. ಎದುರು ಪಾರ್ಟಿಯವರೂ "ಏನಪ್ಪಾ ಹನ್ನೆರಡು-ಹನ್ನೊಂದು" ಅಂತ ಕರೆಯುತ್ತಿದ್ದರು.

ಆರ್ಡರ್ ಹೀಗಿತ್ತು. ಕೋರಾ ಬಟ್ಟೆಯ ಬ್ಯಾನರ್ 3, ತಲಾ 400. ಪೇಪರ್ ಪೋಸ್ಟರ್ 30, ತಲಾ 50. ಪೇಪರಿನಲ್ಲಿ ತೆಲುಗು 14, ಹಿಂದಿ ಇಂಗ್ಲಿಷ್ ಸೇರಿ 12, ಕನ್ನಡ 4. ಒಟ್ಟು 2,700. ಇಷ್ಟು ಭಾಷೆಗೂ ಒಬ್ಬರೇ ಸಾಕಾ ಅಂತ ಕೇಳಿದರೆ ಚಾಚಾಗೆ ಬೇಜಾರಾಯಿತು. 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದ ಊರು, ಸೇತುವೆ ದಾಟಿದರೆ ತೆಲಂಗಾಣ, ಮಂತ್ರಾಲಯದ ಕಡೆ ಹೋದರೆ ಆಂಧ್ರ. ಇಲ್ಲಿ ಬೋರ್ಡ್ ಬರೆಯೋನಿಗೆ ಒಂದೇ ಲಿಪಿ ಬಂದರೆ ಹೊಟ್ಟೆ ತುಂಬುತ್ತಾ?

ಈಗ ಕೆಲಸದ ಬಗ್ಗೆ, ಯಾಕೆಂದರೆ ದುಡ್ಡು ಕೊಟ್ಟಿದ್ದು ಅದಕ್ಕೆ.

ಮೊದಲು ಬಟ್ಟೆಯನ್ನು ಎರಡು ಬೆಂಚಿನ ನಡುವೆ ಬಿಗಿದು ಕಟ್ಟಿದರು. ಒಂದು ದಾರಕ್ಕೆ ಸೀಮೆಸುಣ್ಣದ ಪುಡಿ ಉಜ್ಜಿದರು. ಆ ತುದಿ ನಾನು ಹಿಡಿದೆ, ಈ ತುದಿ ಅವರು. ನಡುವೆ ಎತ್ತಿ ಬಿಟ್ಟರೆ ಛಟ್ ಅಂತ ನೇರ ಗೆರೆ. ಹೀಗೆ ನಾಲ್ಕು ಗೆರೆ. ಪೆನ್ಸಿಲ್ ಮುಟ್ಟಲಿಲ್ಲ, ಅಳತೆ ಪಟ್ಟಿಯೂ ಇಲ್ಲ. ಗೇಣಿನಿಂದ ಅಳೆದು, ಬಾಯಲ್ಲಿ ಏನೋ ಎಣಿಸಿ, ನಡುವಿನ ಅಕ್ಷರದಿಂದ ಶುರು ಮಾಡಿದರು! ನನ್ನ ಹೆಸರಿನ ಮೂರನೇ ಅಕ್ಷರ ಮೊದಲು. ಆಮೇಲೆ ಆಚೆ ಒಂದು, ಈಚೆ ಒಂದು. ಹಾಗೆ ಬರೆದರೆ ಎರಡೂ ಕಡೆ ಜಾಗ ಸರಿಸಮ ಉಳಿಯುತ್ತಂತೆ. ಹಾಸ್ಟೆಲ್ ಕಾರಿಡಾರಿನಲ್ಲಿ ನಾವು ಎಡಗಡೆಯಿಂದ ಶುರು ಮಾಡಿ ಬಲಗಡೆ ಗೋಡೆಗೆ ಗುದ್ದಿಕೊಂಡದ್ದು ನೆನಪಾಯಿತು.

ಬಲಗೈ ಊರೋಕೆ ಒಂದು ಕೋಲು, ತುದಿಗೆ ಬಟ್ಟೆ ಸುತ್ತಿದ್ದು. ಬ್ರಷ್ ಒಂದು ಸಲ ಅದ್ದಿದರೆ ಒಂದು ಅಕ್ಷರ ಪೂರ್ತಿ. ಅರ್ಧಕ್ಕೆ ಬಣ್ಣ ಸಾಲದೆ ಮತ್ತೆ ಅದ್ದಿದ್ದನ್ನು ನಾನು ನೋಡಲಿಲ್ಲ. ಪೇಪರಿಗೆ ಎಣ್ಣೆ ಬಣ್ಣ ಹಾಕಿದರೆ ಸುತ್ತ ಎಣ್ಣೆ ಹರಡುತ್ತೆ ಅಂತ ಪುಡಿ ಬಣ್ಣಕ್ಕೆ ಅಂಟು ಕಲಸಿ ಹಾಕಿದರು. ಬ್ಯಾನರ್ ಮುಗಿದ ಮೇಲೆ ಕತ್ತರಿ ತಗೊಂಡು ಅಕ್ಷರಗಳ ನಡುವೆ ಅಲ್ಲಲ್ಲಿ ಅರ್ಧಚಂದ್ರದ ಹಾಗೆ ಕತ್ತರಿಸಿದಾಗ ನನ್ನ ಎದೆ ಧಸಕ್ ಅಂತು. ಗಾಳಿ ಹೋಗೋಕೆ. ಇಲ್ಲದಿದ್ದರೆ ಬ್ಯಾನರ್ ಹಾಯಿಯ ಹಾಗೆ ಉಬ್ಬಿ ಹಗ್ಗ ಹರಿದುಕೊಳ್ಳುತ್ತೆ.

ತೆಲುಗು ಬರೆಯುವಾಗ ಒಂದು ಮಾತು ಹೇಳಿದರು, ಅದು ಮುಂದೆ ಕೆಲಸಕ್ಕೆ ಬರುತ್ತೆ. ಕನ್ನಡ ತೆಲುಗು ಎರಡೂ ಅಕ್ಕತಂಗಿ, ತಲೆಕಟ್ಟು ಮಾತ್ರ ಬೇರೆ. ಕನ್ನಡದ್ದು ಅಡ್ಡ ಮಲಗಿರುತ್ತೆ, ತೆಲುಗಿನದು ಮೇಷ್ಟ್ರು ಹಾಕೋ ರೈಟ್ ಮಾರ್ಕಿನ ಹಾಗೆ ಮೇಲೆ ಏಳುತ್ತೆ. ಕೈ ಅಭ್ಯಾಸದಲ್ಲಿ ತಪ್ಪಬಾರದು, ಅಂದರು.

ಇನ್ನು ಟೈಮು. ಭಾನುವಾರ ಮಧ್ಯಾಹ್ನ 12ಕ್ಕೆ ಕೊಡುತ್ತೇನೆ ಅಂತ ಶನಿವಾರ ಹೇಳಿದ್ದರು. ಭಾನುವಾರ 12ಕ್ಕೆ ಹೋದರೆ ನನ್ನ ಪೋಸ್ಟರುಗಳು ಒಂದು ಮೂಲೆಯಲ್ಲಿ, ಚಾಚಾ ಒಂದು ಟ್ರ್ಯಾಕ್ಟರ್ ಟ್ರಾಲಿ ಹಿಂದೆ. ಭತ್ತದ ಕಡೆಯ ರೈತರೊಬ್ಬರು ಹೊಸ ಟ್ರಾಲಿ ತಂದಿದ್ದಾರೆ, ಸಂಜೆ ಪೂಜೆ, ಹಿಂದೆ ದೇವರ ಹೆಸರು ಬೇಕು, ಎರಡೂ ಕಡೆ ಎತ್ತು ಬೇಕು. ನನಗೆ ಸಿಟ್ಟು ಬಂತು. ಹತ್ತು ದಿನದ ಎಲೆಕ್ಷನ್ನಿನಲ್ಲಿ ಒಂದು ಮಧ್ಯಾಹ್ನ ಅಂದರೆ ಎಷ್ಟು ಅಂತ ಹೇಳಿದೆ. "ನಿಂದು ಹತ್ತು ದಿನ, ಅವಂದು ಹತ್ತು ವರ್ಷ ಓಡೋ ಟ್ರಾಲಿ" ಅಂದರು. ಇದಕ್ಕೆ ಏನು ಹೇಳೋದು. ಹೊರಗೆ ಹೋಗಿ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಬಂದೆ. ಮತ್ತೆ ಹೋಗಿ ಚಹಾ ಕುಡಿದು ಬಂದೆ. ಎತ್ತಿಗೆ ಕೊಂಬು ಬರೆಯುತ್ತಿದ್ದರು. ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ನನ್ನ ಕೆಲಸ ಮುಗಿದಾಗ ರಾತ್ರಿ ಒಂಬತ್ತೂವರೆ. ಇದಕ್ಕೇ ನಾನು ಟೈಮಿಗೆ 2 ಕೊಟ್ಟಿದ್ದು. ಆ 2 ಕೂಡ ಯಾಕೆ ಅಂದರೆ, ಕಟ್ಟು ಬಿಚ್ಚಿ ಎಣಿಸಿದಾಗ ಪೋಸ್ಟರ್ 30ರ ಬದಲು 36 ಇದ್ದವು. ಆರು ಉರ್ದು. ನಾನು ಹೇಳೇ ಇರಲಿಲ್ಲ. "ಹೈದರಾಬಾದಿನಾಗ ಉರ್ದು ಇಲ್ಲದ ಗೋಡೆ ಛಂದ ಕಾಣಂಗಿಲ್ಲ. ಇವು ನನ್ನ ಕಡೆಯಿಂದ" ಅಂದರು. ಮೂವತ್ತು ಪೋಸ್ಟರಿಗಿಂತ ಆ ಆರು ಜಾಸ್ತಿ ಚೆಂದ ಇದ್ದವು. ಬಲದಿಂದ ಎಡಕ್ಕೆ ಬ್ರಷ್ ಎಳೆದ ರೀತಿಯೇ ಬೇರೆ. ನನಗೆ ಖುಷಿಯಾಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಆ ಆರು ಪೋಸ್ಟರು ನನ್ನನ್ನು ಹೇಗೆ ಒದ್ದಾಡಿಸಿದವು ಅಂತ ಆಗ ಗೊತ್ತಿರಲಿಲ್ಲ.

ಬಿಲ್ ಕೇಳಿದೆ. ಬಿಲ್ಲಾ? ಚಾಚಾ ಮಗನ ಕಂಪ್ಯೂಟರ್ ಕಡೆ ನೋಡಿದರು. ಮಗ ಹೊರಟು ಹೋಗಿದ್ದಾರೆ, ಬಿಲ್ ಬುಕ್ ಇರೋ ಡ್ರಾಯರಿಗೆ ಬೀಗ. ಕೊನೆಗೆ ಹಳೇ ಕ್ಯಾಲೆಂಡರಿನ ಹಿಂದೆ ಅದೇ ಬ್ರಷ್‌ನಲ್ಲಿ ಬರೆದುಕೊಟ್ಟರು: ಬ್ಯಾನರ್ 3, ಪೋಸ್ಟರ್ 30, ಒಟ್ಟು 2,700, ಕೆಳಗೆ ಸಹಿ. ಅಷ್ಟು ಸುಂದರವಾದ ಬಿಲ್ ನಾನು ಜನ್ಮದಲ್ಲಿ ನೋಡಿಲ್ಲ. ಆದರೆ ಅದು ಬಿಲ್ ಅಲ್ಲ, ಅಲ್ವಾ.

ಸೋಮವಾರ ಬೆಳಗ್ಗೆ ಮೊದಲ ಬಸ್. ಶಕ್ತಿನಗರ, ಕೃಷ್ಣಾ ಸೇತುವೆ, ಮಕ್ತಲ್, ಮಹಬೂಬ್‌ನಗರ. ತೊಡೆ ಮೇಲೆ ಪೋಸ್ಟರ್ ಕಟ್ಟು. ಕಂಡಕ್ಟರ್ ಬ್ಯಾನರಿಗೆ ಲಗೇಜ್ ಹಾಕಬೇಕು ಅಂದರು, ಬಿಡಿಸಿ ತೋರಿಸಿದ ಮೇಲೆ ಓದಿಕೊಂಡು "ಎಷ್ಟು ಓಟು ಬರ್ತಾವ?" ಅಂತ ಕೇಳಿ ಸುಮ್ಮನಾದರು. ನೀಲಿ ಬಣ್ಣ ಪೂರ್ತಿ ಒಣಗಿರಲಿಲ್ಲ. ಎರಡು ಪೋಸ್ಟರ್ ಒಂದಕ್ಕೊಂದು ಅಂಟಿಕೊಂಡು ಹಾಳಾದವು. ಅವೂ ಹಿಂದಿಯವು, ಸದ್ಯ ಉರ್ದು ಅಲ್ಲ.

ಕ್ಯಾಂಪಸ್‌ನಲ್ಲಿ ಅಂಟಿಸಿದ ದಿನ ಜನ ನಿಜವಾಗಲೂ ನಿಂತು ನೋಡಿದರು. ಸುತ್ತ ಎಲ್ಲ ಸ್ಕೆಚ್ ಪೆನ್ನು, ನಡುವೆ ನಮ್ಮದು ಕೆಂಪು ಅಕ್ಷರ, ಬಲಗಡೆ ಕಪ್ಪು ನೆರಳು, ಹಳೇ ಸಿನಿಮಾ ಟಾಕೀಸಿನ ಗೋಡೆ ಥರ. ತೆಲುಗಿನ ಗೆಳೆಯ ಒಬ್ಬ ಹತ್ತಿರ ಹೋಗಿ ನೋಡಿ "ಇದು ಕನ್ನಡದವರು ಬರೆದಿದ್ದು" ಅಂದ. ಹೇಗೆ ಗೊತ್ತಾಯಿತು ಅಂದರೆ ಎರಡು ಪೋಸ್ಟರಿನಲ್ಲಿ ತಲೆಕಟ್ಟು ಮಲಗಿತ್ತು! ರಾತ್ರಿ ಒಂಬತ್ತು ಗಂಟೆಗೆ ಬರೆದ ಪೋಸ್ಟರುಗಳು ಅವು, ಟ್ರಾಲಿ ಮುಗಿಸಿ ಸುಸ್ತಾದ ಮೇಲೆ. ಚಾಚಾಗೆ ಇದನ್ನು ನಾನು ಇವತ್ತಿಗೂ ಹೇಳಿಲ್ಲ.

ಸಂಜೆಗೆ ಮೊದಲ ದೂರು ಬಿತ್ತು. ಇವು ಪ್ರಿಂಟ್ ಮಾಡಿಸಿದ್ದು, ಇಷ್ಟು ಸಮ ಇರೋ ಅಕ್ಷರ ಕೈಯಿಂದ ಆಗೋದೇ ಇಲ್ಲ ಅಂತ. ಕಮಿಟಿಯ ಮೇಡಂ ಬಂದರು. ಕನ್ನಡಕ ಏರಿಸಿ ನೋಡಿದರು. ಎರಡು ಪೋಸ್ಟರಿನ ಒಂದೇ ಅಕ್ಷರವನ್ನು ಅಕ್ಕಪಕ್ಕ ಇಟ್ಟು ನೋಡಿದರು. ಕೊನೆಗೆ ಹೆಬ್ಬೆರಳು ಒದ್ದೆ ಮಾಡಿಕೊಂಡು "ಬಸ್" ಮೇಲೆ ಉಜ್ಜಿದರು. ಬೆರಳು ಕೆಂಪಾಯಿತು. "ಸರಿ, ಕೈದೇ" ಅಂತ ಹೊರಟರು. ಆ ಪೋಸ್ಟರಿನಲ್ಲಿ ಬಸ್ಸಿಗೆ ಒಂದು ಮೂಗೇ ಹೋಗಿತ್ತು, ಇರಲಿ.

ಎರಡನೇ ದೂರು ಭಾರಿ. ಲೆಕ್ಕದಲ್ಲಿ 30 ಪೋಸ್ಟರ್, ಗೋಡೆ ಮೇಲೆ ಉರ್ದುವೇ ಆರು ಜಾಸ್ತಿ. ಇದು ಎಲ್ಲಿಂದ ಬಂತು? ಕೊಟ್ಟರು ಅಂದೆ. ಯಾರು ಕೊಟ್ಟರು? ಪೇಂಟರ್ ಚಾಚಾ. ಅವರು ಇಲ್ಲಿಯ ವಿದ್ಯಾರ್ಥಿಯಾ? ಅಲ್ಲಿಗೆ ನಾನು ಸಿಕ್ಕಿಬಿದ್ದೆ. ಯಾಕೆಂದರೆ ನಿಯಮದ ಪ್ರಕಾರ ಅಭ್ಯರ್ಥಿಗೆ ದುಡ್ಡು ಬರಬೇಕಾದದ್ದು ವಿದ್ಯಾರ್ಥಿಗಳು ತಾವಾಗಿ ಕೊಟ್ಟ ಚಂದಾದಿಂದ ಮಾತ್ರ. ರಾಜಕೀಯ ಪಾರ್ಟಿ ದುಡ್ಡು ಒಳಗೆ ಬರಬಾರದು ಅಂತ ಮಾಡಿದ್ದು. ಒಳ್ಳೇ ನಿಯಮವೇ, ನಾನೇ ನಾಮಿನೇಷನ್‌ಗೆ ಮುಂಚೆ ನಮ್ಮ ಮಾವ ಐದು ಸಾವಿರ ಕಳಿಸುತ್ತೇನೆ ಅಂದಾಗ ಬೇಡ ಅಂದಿದ್ದೆ. ಈಗ ರಾಯಚೂರಿನ ಒಬ್ಬ ಮುದುಕರ ಪ್ರೀತಿ ಅದೇ ನಿಯಮದ ಕೆಳಗೆ ಬಂದಿತ್ತು. ಅದರ ಮೇಲೆ ಬಿಲ್ ತೋರಿಸಿ ಅಂದರು. ಕ್ಯಾಲೆಂಡರ್ ಬಿಡಿಸಿದೆ. ಹಿಂದುಗಡೆ ದೇವರ ಚಿತ್ರ. ಕಮಿಟಿಯಲ್ಲಿ ಇಬ್ಬರು ನಕ್ಕರು, ಮೇಡಂ ನಗಲಿಲ್ಲ. ನಾಳೆ ಸಂಜೆಯೊಳಗೆ 36ಕ್ಕೂ ಸರಿಯಾದ ಬಿಲ್ ಬೇಕು, ಇಲ್ಲದಿದ್ದರೆ ಉರ್ದುವೆಲ್ಲ ಕೀಳಿ ಅಂದರು.

ಫೋನ್ ಮಾಡಿದೆ. ಚಾಚಾ ಮೊದಲು ಅರ್ಥವೇ ಮಾಡಿಕೊಳ್ಳಲಿಲ್ಲ. ಅರ್ಥ ಆದ ಮೇಲೆ ಸಿಟ್ಟಾದರು. "ಕೊಟ್ಟಿದ್ದಕ್ಕ ಬಿಲ್ ಬರೀಲೇನು? ನಿಮ್ಮನ್ಯಾಗ ಉಂಡವರಿಗೆ ಬಿಲ್ ಕೊಡ್ತೀರೇನು?" ಫೋನ್ ಇಟ್ಟುಬಿಟ್ಟರು. ಮರುದಿನ ಮಧ್ಯಾಹ್ನ ತನಕ ಎತ್ತಲಿಲ್ಲ. ನಾನು ಪ್ರಚಾರ ಬಿಟ್ಟು ಮಗನಿಗೆ ಹತ್ತು ಸಲ ಫೋನ್ ಮಾಡಿದೆ. ಕೊನೆಗೆ ಮಗ ಅಪ್ಪನಿಗೆ ಗೊತ್ತಾಗದ ಹಾಗೆ ಪ್ರಿಂಟೆಡ್ ಬಿಲ್ ಬುಕ್ಕಿನಲ್ಲಿ 36 ಪೋಸ್ಟರ್, 3 ಬ್ಯಾನರ್, 3,000 ಅಂತ ಬರೆದು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. ನಾನು ಬಾಕಿ 300 ಫೋನ್‌ಪೇ ಮಾಡಿದೆ. ಸಂಜೆ ಐದಕ್ಕೆ ಐದು ನಿಮಿಷ ಇತ್ತು. ಉರ್ದು ಪೋಸ್ಟರ್ ಉಳಿದವು. ಬಿಲ್ಲಿಗೆ ಸೊನ್ನೆ ಕೊಟ್ಟಿದ್ದು ಇದಕ್ಕೇ. ಎಲೆಕ್ಷನ್ ಖರ್ಚಿಗೆ ಬಿಲ್ ಅಂದರೆ ಆಟ ಅಲ್ಲ. ರಿಸಲ್ಟ್ ಬಂದ ಎರಡು ವಾರದೊಳಗೆ ಆಡಿಟ್ ಆದ ಲೆಕ್ಕ ಕೊಡಬೇಕು, ಗೆದ್ದವನ ಲೆಕ್ಕ ಸರಿ ಇಲ್ಲದಿದ್ದರೆ ಗೆದ್ದದ್ದೂ ಹೋಗುತ್ತೆ.

ನನಗೆ ಆ ಚಿಂತೆ ಬರಲಿಲ್ಲ. ಐದು ಜನರಲ್ಲಿ ಮೂರನೆಯವನಾದೆ. ಪೋಸ್ಟರ್ ನೋಡಿ ಓಟು ಹಾಕುತ್ತಾರೆ ಅಂದುಕೊಂಡರೆ ತಪ್ಪು. ಹಾಸ್ಟೆಲ್ ರೂಮ್ ರೂಮಿಗೆ ಹೋಗಿ ಕೂತು ಮಾತಾಡಿದವರು ಗೆದ್ದರು. ನಾನು ಬಿಲ್ಲಿನ ಹಿಂದೆ ಓಡಿದ ಒಂದೂವರೆ ದಿನ ಎರಡು ಹಾಸ್ಟೆಲ್‌ಗೆ ಹೋಗಲೇ ಆಗಲಿಲ್ಲ, ಆದರೆ ಅದನ್ನು ಅಂಗಡಿ ಮೇಲೆ ಹಾಕೋದು ನ್ಯಾಯ ಅಲ್ಲ. ಹೋಗಿದ್ದರೂ ಎರಡನೆಯವನಾಗುತ್ತಿದ್ದೆ, ಅಷ್ಟೇ. ವೋಟಿಂಗ್ ಮುಗಿದು 48 ಗಂಟೆಯೊಳಗೆ ಎಲ್ಲ ಅಭ್ಯರ್ಥಿಗಳೂ ಸೇರಿ ಜಾಗ ಸ್ವಚ್ಛ ಮಾಡಬೇಕು. ಮಾಡೋಕೆ ಹೋದರೆ ಉರ್ದು ಪೋಸ್ಟರುಗಳು ಆರೂ ಇಲ್ಲ. ಯಾರೋ ಮೊದಲೇ ಬಿಡಿಸಿಕೊಂಡು ಹೋಗಿದ್ದರು, ಹರಿಯದ ಹಾಗೆ, ಅಂಚಿಗೆ ನೀರು ಹಚ್ಚಿ. ಒಂದನ್ನು ಆಮೇಲೆ ನೋಡಿದೆ, ನನ್ನನ್ನು ಸೋಲಿಸಿದ ಪ್ಯಾನೆಲ್‌ನ ಹುಡುಗನ ರೂಮಿನಲ್ಲಿ, ಮಂಚದ ಮೇಲೆ. ಕೇಳಿದರೆ "ಅಕ್ಷರ ಚೆನ್ನಾಗಿದೆ" ಅಂದ. ಪೇಪರ್ ಪೋಸ್ಟರ್ ಮಳೆಗೆ ಎಷ್ಟು ತಡೆಯುತ್ತೆ ಅಂತ ಕೇಳೋರಿಗೆ: ಒಂದು ರಾತ್ರಿ ಜೋರು ಮಳೆ ಬಂತು, ಹೊರಗಿನ ಗೋಡೆಯ ಐದು ಹೋದವು, ಸೂರಿನ ಕೆಳಗಿದ್ದವಕ್ಕೆ ಏನೂ ಆಗಲಿಲ್ಲ. ಬ್ಯಾನರ್ ಮೂರೂ ಗಟ್ಟಿ. ಒಂದು ಈಗಲೂ ಯಾರದೋ ಬೈಕ್ ಮುಚ್ಚೋಕೆ ಇದೆ.

ಯಾರಾದರೂ ಹೋಗೋರಿದ್ದರೆ ಕೇಳಿ. ಮೂರು ದಿನ ಮುಂಚೆ ಹೋಗಿ. ಭಾನುವಾರ ಹೋಗಬೇಡಿ, ಅವತ್ತು ಟ್ರಾಲಿಗಳು ಬರುತ್ತವೆ. ತೆಲುಗು, ಹಿಂದಿಯಲ್ಲಿ ಬರೆಸೋದಾದರೆ ಹಗಲಲ್ಲೇ ಬರೆಸಿ, ಪಕ್ಕದಲ್ಲಿ ಕೂತು ನೋಡಿ, ದೊಡ್ಡ ಅಕ್ಷರದಲ್ಲಿ ಬರೆದ ಹಾಳೆ ಕೊಡಿ. ಉದ್ದ ಬರೆದುಕೊಂಡು ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಮಗ ಇರೋ ಹೊತ್ತಿಗೇ ಬಿಲ್ ತಗೊಳ್ಳಿ. ಏನಾದರೂ ಸುಮ್ನೆ ಕೊಟ್ಟರೆ ಅದಕ್ಕೂ ಮಗನಿಂದಲೇ ಬಿಲ್ ಬರೆಸಿಕೊಳ್ಳಿ, ಚಾಚಾ ಚಹಾ ಕುಡಿಯೋಕೆ ಹೋದಾಗ.

ಮತ್ತೆ ಈ ಅಂಗಡಿಗೆ ಇದೇ ಕೆಲಸಕ್ಕೆ ಹೋಗ್ತೀಯಾ ಅಂದರೆ, ಹೋಗೋಕೆ ಆಗಲ್ಲ. ಪದಾಧಿಕಾರಿ ಸ್ಥಾನಕ್ಕೆ ಒಬ್ಬ ನಿಲ್ಲಬಹುದಾದದ್ದು ಒಂದೇ ಸಲ, ಅದೂ ಅದೇ ನಿಯಮದಲ್ಲಿದೆ. ದೀಪಾವಳಿ ರಜೆಯಲ್ಲಿ ಹೋಗಿ ಸೋತೆ ಅಂತ ಹೇಳಿದೆ. ಮಗ "ಮುಂದಿನ ವರ್ಷ ಬಾ, ಫ್ಲೆಕ್ಸ್ ಹಾಕೋಣ" ಅಂದರು. ಚಾಚಾ ಓಟಿನ ಬಗ್ಗೆ ಕೇಳಲೇ ಇಲ್ಲ. ಗಾಳಿಗೆ ಬ್ಯಾನರ್ ಹರೀತೇನು ಅಂದರು, ಇಲ್ಲ ಅಂದೆ. ಆಮೇಲೆ ಡಬ್ಬಿಯಿಂದ 300 ರೂಪಾಯಿ ತೆಗೆದು ಮುಂದೆ ಇಟ್ಟರು. ಮಗ ಬಿಲ್ಲಿನ ವಿಷಯ ಬಾಯಿ ಬಿಟ್ಟಿದ್ದಾರೆ. ನಾನು ಬೇಡ ಅಂದೆ, ಅವರು ಬೇಕೇ ಬೇಕು ಅಂದರು, ಕೊನೆಗೆ ಅದನ್ನು ನಮ್ಮ ಅತ್ತೆಯ ಖಾನಾವಳಿ ಬೋರ್ಡಿಗೆ ಅಡ್ವಾನ್ಸ್ ಅಂತ ಇಟ್ಟುಕೊಳ್ಳಿ ಅಂದಾಗ ಒಪ್ಪಿದರು. ಎರಡು ಸಾಲು, ತಗಡಿನ ಮೇಲೆ, ಜೋಳದ ರೊಟ್ಟಿ ಚಿತ್ರ ಸಮೇತ. ಒಂದು ವಾರದಲ್ಲಿ ಕೊಡುತ್ತೇನೆ ಅಂದಿದ್ದರು.

ಆರು ವಾರ ಆಯಿತು. ಅತ್ತೆ ದಿನಾ ಕೇಳುತ್ತಾರೆ. ನಿನ್ನೆ ಫೋನ್ ಮಾಡಿದರೆ ರೊಟ್ಟಿ ಆಗಿದೆಯಂತೆ, ಅಕ್ಷರ ಬಾಕಿ.